ಪಿಕಪ್ ಸರಕು ವಾಹನಗಳ ದೋಷ ಪತ್ತೆ, ದುರಸ್ತಿ ಹಾಗೂ ಮಾರ್ಪಾಡು: ಮಾಲೀಕರ ಮಾಹಿತಿಗಾಗಿ

ರೈತರು, ಸಣ್ಣ ವ್ಯಾಪಾರಿಗಳು ಹಾಗೂ ಸ್ವಂತ ದುಡಿಮೆಯ ಚಾಲಕರು ರಾಜ್ಯದಲ್ಲಿ ಅತಿ ಹೆಚ್ಚಾಗಿ ಅವಲಂಬಿಸಿರುವ ವಾಹನಗಳಲ್ಲಿ ಪಿಕಪ್ ಮಾದರಿಯ ಲಘು ಸರಕು ವಾಹನವೂ ಒಂದು. 2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದ ನಂತರ ಈ ವರ್ಗದ ವಾಹನಗಳು ಹಳ್ಳಿಯ ತೋಟದ ಬಾಗಿಲಿನವರೆಗೂ ತಲುಪಿವೆ. ಮಹೀಂದ್ರ ಬೊಲೆರೊ ಪಿಕಪ್, ಅಶೋಕ್ ಲೇಲ್ಯಾಂಡ್ ದೋಸ್ತ್ ಮೊದಲಾದವೂ ಇದೇ ಬಳಕೆಯಲ್ಲಿವೆ. ಇಂತಹ ವಾಹನವನ್ನು ಮಾಲೀಕರೇ ಓಡಿಸುವುದು, ಕೆಟ್ಟಾಗ ಮಾಲೀಕರೇ ಮೊದಲು ಪರೀಕ್ಷಿಸುವುದು, ಕೆಲಸಕ್ಕೆ ತಕ್ಕಂತೆ ಸ್ಥಳೀಯ ಗ್ಯಾರೇಜಿನಲ್ಲಿ ಬದಲಾವಣೆ ಮಾಡಿಸಿಕೊಳ್ಳುವುದು ಸಾಮಾನ್ಯ ಸಂಗತಿ. ಇವುಗಳಲ್ಲಿ ಯಾವುದಕ್ಕೆ ಅನುಮತಿ ಬೇಕಿಲ್ಲ, ಯಾವುದಕ್ಕೆ ನೋಂದಣಿ ಪ್ರಾಧಿಕಾರದ ಪೂರ್ವಾನುಮತಿ ಅಗತ್ಯ, ಯಾವುದಕ್ಕೆ ಅನುಮತಿ ದೊರೆಯುವುದೇ ಇಲ್ಲ ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಒಂದೇ ದೋಷ ಪದೇ ಪದೇ ಮರುಕಳಿಸುತ್ತಿದ್ದಲ್ಲಿ ಅದರ ಮೂಲ ಕಾರಣವನ್ನು ಕಂಡುಹಿಡಿಯಲು ನೆರವಾಗುವ ಕೆಲವು ಅಂಶಗಳನ್ನೂ ಸೇರಿಸಲಾಗಿದೆ.

ದುರಸ್ತಿ ಮತ್ತು ಮಾರ್ಪಾಡಿನ ವ್ಯತ್ಯಾಸ

ಸವೆದ ಅಥವಾ ಮುರಿದ ಭಾಗವನ್ನು ತಯಾರಕರು ಸೂಚಿಸಿದ ಅದೇ ಅಳತೆಯ, ಅದೇ ಗುಣಮಟ್ಟದ ಭಾಗದಿಂದ ಬದಲಿಸುವುದು ದುರಸ್ತಿ. ಕ್ಲಚ್ ಪ್ಲೇಟ್, ಬ್ರೇಕ್ ಲೈನರ್, ರೇಡಿಯೇಟರ್, ಬ್ಯಾಟರಿ, ಸಮಾನ ಅಳತೆಯ ಟೈರು ಇವುಗಳನ್ನು ಬದಲಿಸಲು ಯಾವ ಕಚೇರಿಯ ಅನುಮತಿಯೂ ಬೇಕಿಲ್ಲ. ಕೆಲಸವನ್ನು ಎಲ್ಲಿ ಮಾಡಿಸಬೇಕೆಂಬುದು ಮಾಲೀಕರ ಇಚ್ಛೆಗೆ ಬಿಟ್ಟದ್ದು.

ಮಾರ್ಪಾಡಿನ ವಿಷಯ ಹಾಗಲ್ಲ. ಮೋಟಾರು ವಾಹನಗಳ ಅಧಿನಿಯಮ, 1988ರ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಯಾವ ಮಾಲೀಕರೂ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. ವಾಹನದ ಮೂಲ ಲಕ್ಷಣವೇ ಬದಲಾಗುವಂತೆ ಅದರ ರಚನೆಯಲ್ಲಿ ಮಾಡುವ ಬದಲಾವಣೆಯನ್ನು ಈ ಕಲಮು ಮಾರ್ಪಾಡು ಎಂದು ವಿವರಿಸುತ್ತದೆ. ಕೇರಳದಿಂದ ಬಂದ ಕೆ. ಜಯಚಂದ್ರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9ರಂದು ಈ ಕಲಮನ್ನು ಕಟ್ಟುನಿಟ್ಟಾಗಿ ಅರ್ಥೈಸಿತು. ಬಣ್ಣದ ಬದಲಾವಣೆ, ಸಣ್ಣಪುಟ್ಟ ಜೋಡಣೆ, ಅನುಮೋದಿತ ಅನಿಲ ಇಂಧನ ಕಿಟ್ ಅಳವಡಿಕೆ ಮುಂತಾದವುಗಳನ್ನು ಬಿಟ್ಟರೆ, ತಯಾರಕರ ಮೂಲ ವಿವರಣೆಯನ್ನು ಮೀರಿ ರಚನೆಯನ್ನು ಬದಲಿಸುವಂತಿಲ್ಲ ಎಂಬುದು ಈ ತೀರ್ಪಿನ ಸಾರ. ಬಣ್ಣವೂ ನೋಂದಣಿ ಪತ್ರದಲ್ಲಿ ನಮೂದಾಗುವ ವಿವರವಾದುದರಿಂದ, ಬಣ್ಣ ಬದಲಿಸುವವರು ಅರ್ಜಿ ಸಲ್ಲಿಸಿ ಪತ್ರದಲ್ಲಿ ತಿದ್ದುಪಡಿ ಮಾಡಿಸಿಕೊಳ್ಳಬೇಕು.

2019ರ ತಿದ್ದುಪಡಿಯ ಮೂಲಕ ಸೇರಿಸಲಾದ 182ಎ ಕಲಮಿನಂತೆ, ಅನುಮತಿಯಿಲ್ಲದ ಮಾರ್ಪಾಡಿಗಾಗಿ ಮಾಲೀಕರಿಗೆ ಆರು ತಿಂಗಳವರೆಗಿನ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಇವೆರಡನ್ನೂ ವಿಧಿಸಬಹುದು. "ಪ್ರತಿ ಮಾರ್ಪಾಡಿಗೆ" ಎಂಬ ಮಾತನ್ನು ಗಮನಿಸಬೇಕು. ಮೂರು ಬಗೆಯ ಬದಲಾವಣೆ ಮಾಡಿಸಿದ ವಾಹನದ ದಂಡವನ್ನು ಮೂರಕ್ಕೂ ಪ್ರತ್ಯೇಕವಾಗಿ ಲೆಕ್ಕ ಹಾಕಲಾಗುತ್ತದೆ.

ತೂಕದ ಲೆಕ್ಕ

ಪಿಕಪ್ ವಾಹನಗಳಲ್ಲಿ ಮರುಕಳಿಸುವ ದೋಷಗಳ ಬೆನ್ನು ಹತ್ತಿ ಹೋದರೆ, ಅನೇಕ ಸಂದರ್ಭಗಳಲ್ಲಿ ತಲುಪುವುದು ಅಧಿಕ ಭಾರಕ್ಕೆ. ಕಮಾನು ಪಟ್ಟಿ ಮುರಿಯುವುದು, ಹಿಂದಿನ ಟೈರು ಬೇಗ ಸವೆಯುವುದು, ಕ್ಲಚ್ ಸುಡುವುದು, ಎಂಜಿನ್ ಕಾಯುವುದು, ಬ್ರೇಕ್ ಹಿಡಿಯದಿರುವುದು ಇವೆಲ್ಲವೂ ಬೇರೆ ಬೇರೆ ದೋಷಗಳಂತೆ ಕಾಣುತ್ತವೆ. ಮಾಲೀಕರು ಒಂದೊಂದಕ್ಕೂ ಬೇರೆ ಬೇರೆ ಕಡೆ ಹಣ ಸುರಿಯುತ್ತಾರೆ. ಆದ್ದರಿಂದ ಬೇರಾವ ಪರೀಕ್ಷೆಗೂ ಮುನ್ನ ನೋಂದಣಿ ಪತ್ರದಲ್ಲಿರುವ ಎರಡು ಅಂಕಿಗಳನ್ನು, ಅಂದರೆ ಭಾರರಹಿತ ತೂಕ ಮತ್ತು ಭಾರಸಹಿತ ತೂಕವನ್ನು ಓದಿಕೊಳ್ಳುವುದು ಲೇಸು.

ಉದಾಹರಣೆಗೆ, ವಾಹನವೊಂದರ ಭಾರಸಹಿತ ತೂಕ 2,950 ಕಿಲೋ, ಭಾರರಹಿತ ತೂಕ 1,700 ಕಿಲೋ ಎಂದಿಟ್ಟುಕೊಳ್ಳೋಣ. ಇವೆರಡರ ನಡುವಿನ ಅಂತರ 1,250 ಕಿಲೋ. ಇದಷ್ಟೂ ಸರಕಿಗೆ ಮೀಸಲೆಂದು ಭಾವಿಸುವುದು ತಪ್ಪು. ಅಧಿನಿಯಮದ ವ್ಯಾಖ್ಯೆಯಂತೆ ಭಾರರಹಿತ ತೂಕದಲ್ಲಿ ಚಾಲಕನ ಮತ್ತು ಸಹಾಯಕನ ತೂಕ ಸೇರಿರುವುದಿಲ್ಲ. ಇಬ್ಬರಿಗೆ 140 ಕಿಲೋ ಕಳೆದರೆ ಉಳಿಯುವುದು 1,110 ಕಿಲೋ. ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ 15 ಕಿಲೋ ಬಾಕ್ಸ್‌ಗಳಲ್ಲಿ ವಹಿವಾಟಾಗುತ್ತದೆ. ಕ್ರೇಟಿನ ತೂಕವೂ ಸೇರಿ ಒಂದೊಂದು 17 ಕಿಲೋ ಎಂದು ಹಿಡಿದರೆ ಈ ವಾಹನ ನ್ಯಾಯವಾಗಿ ಹೊರಬಲ್ಲದ್ದು 65 ಬಾಕ್ಸ್. ಮಾಲೀಕರು ಇನ್ನಷ್ಟು ಬಾಕ್ಸ್ ಜೋಡಿಸುವ ಉದ್ದೇಶದಿಂದ ಬಾಡಿಯ ಪಕ್ಕಗಳನ್ನು ಎತ್ತರಿಸಿ, ಕಬ್ಬಿಣದ ಚೌಕಟ್ಟು ಕೂರಿಸಿ 120 ಕಿಲೋ ತೂಕ ಸೇರಿಸಿದರೆಂದರೆ ಸರಕಿಗೆ ಉಳಿಯುವುದು 990 ಕಿಲೋ, ಅಂದರೆ 58 ಬಾಕ್ಸ್ ಮಾತ್ರ. ಹೆಚ್ಚು ಹೊರಲೆಂದು ಖರ್ಚು ಮಾಡಿ ಮಾಡಿಸಿದ ಮಾರ್ಪಾಡು ಹೊರುವ ಹಕ್ಕನ್ನೇ ಕಡಿಮೆ ಮಾಡಿದಂತಾಯಿತು.

ಇದೇ ವಾಹನದಲ್ಲಿ 100 ಬಾಕ್ಸ್ ಹೇರಿದರೆ, ಚೌಕಟ್ಟನ್ನು ಬಿಟ್ಟು ಲೆಕ್ಕ ಹಾಕಿದರೂ 590 ಕಿಲೋ ಅಧಿಕ ಭಾರವಾಗುತ್ತದೆ. ಅಧಿನಿಯಮದ 194ನೇ ಕಲಮು ಅಧಿಕ ಭಾರಕ್ಕೆ 20,000 ರೂಪಾಯಿ ದಂಡವನ್ನೂ, ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿಯನ್ನೂ ನಿಗದಿಪಡಿಸಿದೆ. ಅಧಿಕ ಸರಕನ್ನು ಇಳಿಸುವ ವೆಚ್ಚವನ್ನು ಭರಿಸುವುದು ಸಹ ತಪ್ಪಿತಸ್ಥರ ಹೊಣೆ. ಸರಕು ಇಳಿಸುವವರೆಗೆ ವಾಹನವನ್ನು ಮುಂದೆ ಬಿಡುವಂತಿಲ್ಲ. ಬಾಡಿಯ ಪಕ್ಕ, ಮುಂದೆ, ಹಿಂದೆ ಅಥವಾ ಅನುಮತಿಸಿದ ಎತ್ತರವನ್ನು ಮೀರಿ ಸರಕು ಚಾಚಿಕೊಂಡಿದ್ದರೆ, ತೂಕ ಮಿತಿಯೊಳಗೇ ಇದ್ದರೂ, 20,000 ರೂಪಾಯಿ ದಂಡಕ್ಕೆ ಅವಕಾಶವಿದೆ.

ಭಾರಸಹಿತ ತೂಕ 3,000 ಕಿಲೋಗಿಂತ ಹೆಚ್ಚಿಲ್ಲದ ಸರಕು ವಾಹನಕ್ಕೆ 66ನೇ ಕಲಮಿನಡಿ ರಹದಾರಿಯ ಅಗತ್ಯವಿರುವುದಿಲ್ಲ. ಈ ವಿನಾಯಿತಿ ರಹದಾರಿಗೆ ಮಾತ್ರ ಸೀಮಿತ. ಅರ್ಹತಾ ಪತ್ರ, ವಿಮೆ, ತೆರಿಗೆ ಹಾಗೂ ವಾಯುಮಾಲಿನ್ಯ ನಿಯಂತ್ರಣ ಪ್ರಮಾಣಪತ್ರಗಳಿಗೆ ಇದು ಅನ್ವಯಿಸುವುದಿಲ್ಲ.

ಕಮಾನು ಪಟ್ಟಿಗಳ ಹೆಚ್ಚಳ

ಪಿಕಪ್ ಮಾಲೀಕರು ಮಾಡಿಸುವ ಬದಲಾವಣೆಗಳಲ್ಲಿ ಅತಿ ಸಾಮಾನ್ಯವಾದದ್ದೂ, ಅತಿ ನಿರುಪದ್ರವಿಯೆಂದು ತಪ್ಪಾಗಿ ತಿಳಿಯಲಾಗುವುದೂ ಇದೇ. ಭಾರ ಹೇರಿದಾಗ ಹಿಂಭಾಗ ಕುಸಿಯುತ್ತದೆಂದು ಹಿಂದಿನ ಅಚ್ಚಿನ ಕಮಾನಿಗೆ ಒಂದೋ ಎರಡೋ ಪಟ್ಟಿ ಸೇರಿಸಲಾಗುತ್ತದೆ. ಗ್ಯಾರೇಜುಗಳಲ್ಲಿ ಇದಕ್ಕೆ "ಪ್ಲೇಟ್ ಹಾಕಿಸುವುದು" ಎನ್ನುತ್ತಾರೆ. ವಾಹನ ಮತ್ತೆ ನೆಟ್ಟಗೆ ನಿಲ್ಲುತ್ತದೆ, ಮಾಲೀಕರಿಗೆ ಸಮಾಧಾನವಾಗುತ್ತದೆ. ಆದರೆ ಅಚ್ಚು, ಚಕ್ರದ ಬೇರಿಂಗ್, ಟೈರು, ಬ್ರೇಕ್ ಡ್ರಮ್ ಮತ್ತು ಚಾಸಿ ಇವು ಯಾವುವೂ ಬದಲಾಗಿರುವುದಿಲ್ಲ. ಮೊದಲು ಕಮಾನು ಕುಸಿದು ಕೊಡುತ್ತಿದ್ದ ಎಚ್ಚರಿಕೆಯೂ ಈಗ ಇಲ್ಲವಾಗುತ್ತದೆ.

ಇದಕ್ಕಿಂತ ಗಂಭೀರವಾದ ಪರಿಣಾಮ ಬ್ರೇಕಿನ ಮೇಲಾಗುತ್ತದೆ. ಅನೇಕ ಪಿಕಪ್ ಮಾದರಿಗಳಲ್ಲಿ ಹಿಂದಿನ ಬ್ರೇಕಿಗೆ ಹೋಗುವ ಎಣ್ಣೆಯ ಒತ್ತಡವನ್ನು ಭಾರಕ್ಕೆ ತಕ್ಕಂತೆ ಹೊಂದಿಸುವ ಕವಾಟವೊಂದಿರುತ್ತದೆ. ಇದನ್ನು ಎಲ್‌ಎಸ್‌ಪಿವಿ ಎಂದು ಕರೆಯಲಾಗುತ್ತದೆ. ಚಾಸಿಗೂ ಹಿಂದಿನ ಅಚ್ಚಿಗೂ ನಡುವಿನ ಅಂತರವನ್ನು ಇದು ಒಂದು ಸಲಾಕೆ ಅಥವಾ ಸ್ಪ್ರಿಂಗಿನ ಮೂಲಕ ಅಳೆಯುತ್ತದೆ. ವಾಹನ ಖಾಲಿ ಇದ್ದಾಗ ಅಂತರ ಹೆಚ್ಚಿರುತ್ತದೆ. ಹಿಂದಿನ ಚಕ್ರಗಳು ಬೇಗನೆ ಜಾರುವ ಸಂಭವವಿರುವುದರಿಂದ ಕವಾಟವು ಹಿಂದಿನ ಬ್ರೇಕಿನ ಒತ್ತಡವನ್ನು ತಗ್ಗಿಸುತ್ತದೆ. ಭಾರ ಹೇರಿದಾಗ ಅಂತರ ಕಿರಿದಾಗಿ ಪೂರ್ಣ ಒತ್ತಡ ಹಿಂದಕ್ಕೆ ಹರಿಯುತ್ತದೆ. ಹೆಚ್ಚುವರಿ ಪಟ್ಟಿ ಸೇರಿಸಿದ ವಾಹನದಲ್ಲಿ ಭಾರ ಹೇರಿದರೂ ಅಂತರ ಕಿರಿದಾಗುವುದಿಲ್ಲ. ಕವಾಟದ ಮಟ್ಟಿಗೆ ವಾಹನ ಖಾಲಿಯಾಗಿಯೇ ಇದೆ. ಪರಿಣಾಮವಾಗಿ ಅತಿ ಹೆಚ್ಚು ಬ್ರೇಕ್ ಬೇಕಾದ ಹೊತ್ತಿನಲ್ಲಿಯೇ ಹಿಂದಿನ ಬ್ರೇಕ್ ಅರೆಬರೆ ಕೆಲಸ ಮಾಡುತ್ತದೆ, ಮುಂದಿನ ಬ್ರೇಕುಗಳು ಇಡೀ ಹೊರೆಯನ್ನು ಹೊತ್ತು ಕಾಯುತ್ತವೆ. ಸಮತಟ್ಟಾದ ರಸ್ತೆಯಲ್ಲಿ ಇದು ಗಮನಕ್ಕೆ ಬಾರದಿರಬಹುದು. ಶಿರಾಡಿ ಅಥವಾ ಚಾರ್ಮಾಡಿ ಘಟ್ಟದ ಇಳಿಜಾರಿನಲ್ಲಿ ಬಾರದೆ ಇರುವುದಿಲ್ಲ.

"ಪ್ಲೇಟ್ ಹಾಕಿಸಿದ ಮೇಲೆ ಮುಂದಿನ ಬ್ರೇಕ್ ಪ್ಯಾಡುಗಳು ಬೇಗ ಸವೆಯುತ್ತಿವೆ" ಎಂಬ ದೂರಿದ್ದಲ್ಲಿ ಪ್ಯಾಡನ್ನು ದೂರದೆ ಮೊದಲು ಈ ಕವಾಟವನ್ನು ಪರೀಕ್ಷಿಸಬೇಕು. ಕೆಲವು ಕಡೆ ಕವಾಟದ ಸಲಾಕೆಯನ್ನು ತಂತಿಯಿಂದ ಎಳೆದು ಕಟ್ಟಿಬಿಡುವ ರೂಢಿಯಿದೆ. ಹಾಗೆ ಮಾಡಿದರೆ ಖಾಲಿ ವಾಹನದ ಹಿಂಭಾಗವು ಮಳೆಯಲ್ಲಿ ಅಡ್ಡ ತಿರುಗುವ ಅಪಾಯವಿದೆ. ಮುರಿದ ಪಟ್ಟಿಗೆ ಬದಲಾಗಿ ಅದೇ ದಪ್ಪದ, ಅದೇ ಸಂಖ್ಯೆಯ ಪಟ್ಟಿಗಳನ್ನು ಹಾಕಿಸುವುದೇ ಸರಿಯಾದ ದುರಸ್ತಿ.

ಪಟ್ಟಿ ಸೇರಿಸಿದ ನಂತರ ನೋಂದಣಿ ಪತ್ರದಲ್ಲಿ ಭಾರಸಹಿತ ತೂಕವನ್ನು ಹೆಚ್ಚಿಸಿಕೊಡುವಂತೆ ಕೋರುವ ಅರ್ಜಿಯನ್ನು ಪುರಸ್ಕರಿಸಲು ಬರುವುದಿಲ್ಲ. ಪರೀಕ್ಷೆಗೊಳಪಟ್ಟು ಪ್ರಮಾಣೀಕೃತವಾದ ಮಾದರಿಗೆ ನಿಗದಿಯಾದ ತೂಕವನ್ನು ಗ್ಯಾರೇಜಿನ ಕೆಲಸದಿಂದ ಏರಿಸಲು ಸಾಧ್ಯವಿಲ್ಲ.

ಬ್ರೇಕ್, ಟೈರು ಮತ್ತು ಸ್ಟೇರಿಂಗ್

ಇಳಿಜಾರಿನಲ್ಲಿ ಪೆಡಲ್ ಮೆತ್ತಗಾಗುವುದು ಅಥವಾ ಸುಟ್ಟ ವಾಸನೆ ಬರುವುದು ಬ್ರೇಕ್ ಅತಿಯಾಗಿ ಕಾದಿರುವುದರ ಗುರುತು. ವಾಹನವನ್ನು ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ ತಾನಾಗಿಯೇ ತಣಿಯಲು ಬಿಡಬೇಕು. ಕಾದ ಡ್ರಮ್ಮಿಗೆ ನೀರು ಸುರಿದರೆ ಅದು ಬಿರುಕು ಬಿಡಬಹುದು. ಘಟ್ಟವನ್ನು ಹತ್ತಲು ಬೇಕಾಗುವ ಗೇರಿನಲ್ಲಿಯೇ ಇಳಿಯಬೇಕೆಂಬ ಹಳೆಯ ಚಾಲಕರ ರೂಢಿ ಇಂದಿಗೂ ಸರಿ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವವರು ಎಂಜಿನ್ನಿನ ಹಿಡಿತವನ್ನೂ ಕಳೆದುಕೊಳ್ಳುತ್ತಾರೆ. ಬ್ರೇಕ್ ಎಣ್ಣೆಯು ಗಾಳಿಯ ತೇವವನ್ನು ಹೀರುವುದರಿಂದ ಅದರ ಕುದಿಬಿಂದು ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ತಯಾರಕರ ಕೈಪಿಡಿಯಲ್ಲಿರುವ ಅವಧಿಗೆ ಸರಿಯಾಗಿ ಅದನ್ನು ಬದಲಿಸಬೇಕು. ಮಟ್ಟ ಸರಿಯಿದೆ ಎಂಬುದಷ್ಟೇ ಸಾಲದು.

ಟೈರಿನ ಸವೆತವೇ ಅನೇಕ ದೋಷಗಳನ್ನು ತಿಳಿಸುತ್ತದೆ. ಎರಡೂ ಅಂಚುಗಳು ಸವೆದಿದ್ದರೆ ಗಾಳಿ ಕಡಿಮೆ ಅಥವಾ ಭಾರ ಹೆಚ್ಚು. ನಡುಭಾಗ ಸವೆದಿದ್ದರೆ ಗಾಳಿ ಹೆಚ್ಚು. ಒಂದೇ ಅಂಚು ಸವೆದಿದ್ದರೆ ಚಕ್ರಗಳ ಜೋಡಣೆ ತಪ್ಪಿದೆ. ಕೇಂದ್ರ ಮೋಟಾರು ವಾಹನ ನಿಯಮಗಳ 94ನೇ ನಿಯಮದಂತೆ ಈ ವರ್ಗದ ವಾಹನಗಳ ಟೈರಿನ ಅಚ್ಚಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಇರತಕ್ಕದ್ದಲ್ಲ. ಅಳತೆ ಮೀರಿದ ದೊಡ್ಡ ಟೈರು ಹಾಕಿಸಿದರೆ ವೇಗಮಾಪಕವು ನಿಜ ವೇಗಕ್ಕಿಂತ ಕಡಿಮೆ ತೋರಿಸುತ್ತದೆ, ಬ್ರೇಕಿನ ಹಿಡಿತ ಕುಗ್ಗುತ್ತದೆ, ತಿರುವಿನಲ್ಲಿ ಟೈರು ಬಾಡಿಗೆ ತಾಗುವ ಸಾಧ್ಯತೆಯೂ ಇರುತ್ತದೆ.

ಎಂಜಿನ್ ಮತ್ತು ಹೊಗೆ

ಬೆಳಿಗ್ಗೆ ವಾಹನ ಚಾಲೂ ಆಗದಿದ್ದಲ್ಲಿ ಸ್ಟಾರ್ಟರ್ ಮೋಟಾರನ್ನು ಬಿಚ್ಚುವ ಮುನ್ನ ಬ್ಯಾಟರಿಯನ್ನು ಅಳೆಯುವುದು ಸುಲಭ. ಪೂರ್ಣ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4ರವರೆಗೆ ಇರಬೇಕು. ಓಡುವಾಗಲೂ ಏರದಿದ್ದರೆ ದೋಷ ಆಲ್ಟರ್ನೇಟರಿನಲ್ಲಿ, ಅದರ ಬೆಲ್ಟಿನಲ್ಲಿ ಅಥವಾ ತಂತಿಗಳ ಜೋಡಣೆಯಲ್ಲಿದೆ. ಡೀಸೆಲ್ ವಾಹನವು ಚಾಲೂ ಆಗಿ ಮತ್ತೆ ನಿಂತುಹೋಗುತ್ತಿದ್ದರೆ ಇಂಧನ ಫಿಲ್ಟರಿನ ತಳದಲ್ಲಿ ನೀರು ಸೇರಿರಬಹುದು. ಕ್ಯಾನಿನಲ್ಲಿ ಡೀಸೆಲ್ ತಂದು ಸುರಿಯುವ ಕಡೆಗಳಲ್ಲಿ ಇದರ ಸಂಭವ ಹೆಚ್ಚು.

ಎಂಜಿನ್ ಕಾದಾಗ ರೇಡಿಯೇಟರ್ ಮುಚ್ಚಳವನ್ನು ತಕ್ಷಣ ತೆರೆಯಬಾರದು. ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ತಣಿದ ನಂತರ ಕೂಲಂಟ್ ಮಟ್ಟ, ಬೆಲ್ಟ್, ಫ್ಯಾನ್ ಹಾಗೂ ಥರ್ಮೋಸ್ಟಾಟ್ ಪರೀಕ್ಷಿಸಬೇಕು. ಥರ್ಮೋಸ್ಟಾಟನ್ನು ಕಿತ್ತೆಸೆದು ಓಡಿಸುವುದು ಪರಿಹಾರವಲ್ಲ. ಎಂಜಿನ್ ತನ್ನ ಸರಿಯಾದ ಬಿಸಿಗೆ ಬಾರದೆ ಇಂಧನ ಹೆಚ್ಚು ಕುಡಿಯುತ್ತದೆ.

ಕಪ್ಪು ಹೊಗೆ ಬಂದರೆ ಗಾಳಿಯ ಫಿಲ್ಟರ್ ಕಟ್ಟಿಕೊಂಡಿರುವುದು, ಇಂಜೆಕ್ಟರ್ ದೋಷ ಅಥವಾ ಅಧಿಕ ಭಾರ ಕಾರಣವಿರಬಹುದು. ನೀಲಿ ಹೊಗೆಯು ಎಂಜಿನ್ ಎಣ್ಣೆ ಉರಿಯುತ್ತಿರುವುದರ ಸೂಚನೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಗೆ ಸೋರುತ್ತಿರಬಹುದು ಅಥವಾ ಇಂಧನ ಸರಿಯಾಗಿ ಉರಿಯದಿರಬಹುದು.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಮಾನದಂಡದ ಡೀಸೆಲ್ ವಾಹನಗಳಲ್ಲಿ, ಮಾದರಿಯನ್ನು ಅನುಸರಿಸಿ, ಮಸಿಯನ್ನು ಹಿಡಿದಿಡುವ ಫಿಲ್ಟರ್ ಅಥವಾ ಯೂರಿಯಾ ದ್ರಾವಣ ಬಳಸುವ ವ್ಯವಸ್ಥೆ ಇರುತ್ತದೆ. ಊರೊಳಗೆ ಸಣ್ಣ ಸಣ್ಣ ದೂರ ಮಾತ್ರ ಓಡುವ ವಾಹನಗಳಲ್ಲಿ ಹೊಗೆಯ ಬಿಸಿ ಸಾಲದೆ ಫಿಲ್ಟರಿನ ಮಸಿ ಉರಿದು ಹೋಗುವುದಿಲ್ಲ. ಎಚ್ಚರಿಕೆ ದೀಪ ಹೊತ್ತಿಕೊಳ್ಳುತ್ತದೆ. ಕೈಪಿಡಿಯಲ್ಲಿ ಹೇಳಿರುವಂತೆ ಹೆದ್ದಾರಿಯಲ್ಲಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಿಸಿದರೆ ಬಹುತೇಕ ದೀಪ ಆರುತ್ತದೆ. ಇಷ್ಟು ಮಾಡುವ ಬದಲು ಫಿಲ್ಟರನ್ನೇ ಟೊಳ್ಳು ಮಾಡಿಸಿ, ಎಂಜಿನ್ನಿನ ಕಂಪ್ಯೂಟರನ್ನು ತಿದ್ದಿಸಿ "ಪಿಕಪ್ ಹೆಚ್ಚಿಸಿಕೊಡುತ್ತೇವೆ" ಎನ್ನುವವರ ಬಳಿ ಹೋಗುವುದು ಕಂಡುಬಂದಿದೆ. ಇದು ದುರಸ್ತಿಯಲ್ಲ. ವಾಯು ಅಥವಾ ಶಬ್ದ ಮಾಲಿನ್ಯದ ಮಾನದಂಡಗಳನ್ನು ಉಲ್ಲಂಘಿಸುವ ವಾಹನವನ್ನು ಓಡಿಸಿದಲ್ಲಿ 190ನೇ ಕಲಮಿನಡಿ ಮೊದಲ ಅಪರಾಧಕ್ಕೆ ಮೂರು ತಿಂಗಳವರೆಗಿನ ಕಾರಾವಾಸ ಅಥವಾ 10,000 ರೂಪಾಯಿವರೆಗಿನ ದಂಡ ಅಥವಾ ಎರಡೂ, ಜೊತೆಗೆ ಮೂರು ತಿಂಗಳ ಕಾಲ ಚಾಲನಾ ಪತ್ರದ ಅನರ್ಹತೆ ಉಂಟಾಗುತ್ತದೆ. ತಯಾರಕರ ವಾರಂಟಿಯನ್ನೂ ಕಳೆದುಕೊಳ್ಳುವ ಸಂಭವವಿದೆ.

ದೀಪ, ಹಾರ್ನ್, ಬಂಪರ್

ಮುಂದಿನ ದೀಪಗಳು ಎದುರಿನವರ ಕಣ್ಣಿಗೆ ಹೊಡೆಯುತ್ತವೆ ಎಂಬ ದೂರು ಬಂದರೆ, ಹಿಂಭಾಗದ ಭಾರದಿಂದ ವಾಹನದ ಮೂತಿ ಮೇಲೆದ್ದಿದೆಯೇ ಎಂದು ನೋಡಬೇಕು. ದೀಪದ ಕೋನವನ್ನು ಇಳಿಸುವ ಗುಂಡಿ ಹಲವು ಮಾದರಿಗಳ ಡ್ಯಾಶ್‌ಬೋರ್ಡಿನಲ್ಲಿಯೇ ಇರುತ್ತದೆ, ಬಳಸುವವರು ವಿರಳ. 60 ವಾಟ್ ಬಲ್ಬಿನ ಜಾಗದಲ್ಲಿ 100 ವಾಟ್ ಬಲ್ಬ್ ಹಾಕಿದರೆ ತಂತಿಯಲ್ಲಿ 5 ಆಂಪಿಯರಿಗೆ ಬದಲಾಗಿ 8 ಆಂಪಿಯರಿಗೂ ಹೆಚ್ಚು ವಿದ್ಯುತ್ ಹರಿಯುತ್ತದೆ. ಫ್ಯೂಸ್ ಸುಡುತ್ತದೆ. ಆಗ ದಪ್ಪ ಫ್ಯೂಸನ್ನೋ ತಾಮ್ರದ ತಂತಿಯನ್ನೋ ಹಾಕಲಾಗುತ್ತದೆ. ಮುಂದಿನ ಹಂತ ವಾಹನಕ್ಕೆ ಬೆಂಕಿ. ಮುಂಭಾಗದಲ್ಲಿ ಸ್ಪಾಟ್ ಲೈಟ್ ಅಥವಾ ಸರ್ಚ್ ಲೈಟ್ ಅಳವಡಿಕೆಯನ್ನು 111ನೇ ನಿಯಮ ನಿರ್ಬಂಧಿಸುತ್ತದೆ. ಬಗೆಬಗೆಯ ಸ್ವರಗಳನ್ನು ಹೊರಡಿಸುವ ಅಥವಾ ಕರ್ಕಶವಾದ ಹಾರ್ನ್‌ಗಳಿಗೆ 119ನೇ ನಿಯಮದಡಿ ಅವಕಾಶವಿಲ್ಲ.

ಮುಂಭಾಗಕ್ಕೆ ಕಬ್ಬಿಣದ ಗಾರ್ಡ್ ಅಥವಾ ಬುಲ್ ಬಾರ್ ಕೂರಿಸುವುದು 52ನೇ ಕಲಮಿನ ಉಲ್ಲಂಘನೆಯೆಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು 2017ರ ಡಿಸೆಂಬರಿನಲ್ಲಿ ಎಲ್ಲ ರಾಜ್ಯಗಳಿಗೂ ತಿಳಿಸಿದೆ. ಡಿಕ್ಕಿಯ ಹೊಡೆತವನ್ನು ಹೀರಿಕೊಳ್ಳಲೆಂದು ರೂಪಿಸಿದ ಭಾಗಗಳನ್ನು ತಪ್ಪಿಸಿ ಈ ಗಾರ್ಡ್ ಹೊಡೆತವನ್ನು ನೇರವಾಗಿ ಚಾಸಿಗೆ ದಾಟಿಸುತ್ತದೆ. ಪಾದಚಾರಿಗಳಿಗಂತೂ ಇದು ಪ್ರಾಣಾಂತಿಕ. ವೇಗ ನಿಯಂತ್ರಕವನ್ನು ಅಳವಡಿಸಿರುವ ವಾಹನಗಳಲ್ಲಿ ಅದರ ತಂತಿಯನ್ನು ಕಳಚಿಡುವಂತಿಲ್ಲ. ಮುಂದೆ ಬಿಳಿ, ಹಿಂದೆ ಕೆಂಪು ಪ್ರತಿಫಲಕ ಪಟ್ಟಿಗಳು ಧೂಳಿನಿಂದ, ಟಾರ್ಪಾಲಿನಿಂದ ಅಥವಾ ಅಲಂಕಾರದಿಂದ ಮುಚ್ಚಿಹೋಗಿರಬಾರದು. ಸಂಖ್ಯಾಫಲಕಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಬಾಡಿ ಕೆಲಸ ಮತ್ತು ಚಾಸಿ

ಮಳೆಗಾಲದಲ್ಲಿ ಸರಕಿನ ಮೇಲೆ ಟಾರ್ಪಾಲು ಹೊದಿಸಿ ಹಗ್ಗ ಬಿಗಿಯಲು ಯಾರ ಅಪ್ಪಣೆಯೂ ಬೇಡ. ಬಾಡಿಯನ್ನು ಉದ್ದ ಮಾಡುವುದು, ಶಾಶ್ವತವಾಗಿ ಮುಚ್ಚಿದ ಪೆಟ್ಟಿಗೆಯಾಗಿ ಪರಿವರ್ತಿಸುವುದು, ಕ್ಯಾಬಿನ್ನಿನ ಹಿಂಗೋಡೆ ಕತ್ತರಿಸುವುದು, ಚಕ್ರಾಂತರ ಬದಲಿಸುವುದು ಬೇರೆಯೇ ವಿಷಯ. ಮುಚ್ಚಿದ ಅಥವಾ ಶೀತಲೀಕೃತ ಬಾಡಿಯ ಅಗತ್ಯವಿರುವವರು ತಯಾರಕರೇ ಅನುಮೋದನೆ ಪಡೆದ ಅಂತಹ ಮಾದರಿಯನ್ನು ಮೊದಲೇ ಕೊಳ್ಳುವುದರಿಂದ ಮುಂದೆ ಅಲೆದಾಟ ತಪ್ಪುತ್ತದೆ.

ಚಾಸಿಯ ಉದ್ದನೆಯ ತೊಲೆಗಳ ಮೇಲಂಚು ಮತ್ತು ಕೆಳಂಚುಗಳಲ್ಲಿ ಅತಿ ಹೆಚ್ಚು ಒತ್ತಡವಿರುತ್ತದೆ. ಅಲ್ಲಿ ರಂಧ್ರ ಕೊರೆದರೆ ಅಥವಾ ಬೆಸುಗೆ ಹಾಕಿದರೆ ಅದೇ ಜಾಗದಿಂದ ಬಿರುಕು ಆರಂಭವಾಗುತ್ತದೆ. ಬೆಸುಗೆಯ ಬಿಸಿಯಿಂದ ಅಥವಾ ಉಜ್ಜುವಿಕೆಯಿಂದ ಚಾಸಿ ಸಂಖ್ಯೆ ಅಳಿಸಿಹೋದ ವಾಹನಕ್ಕೆ ಅರ್ಹತಾ ಪತ್ರ ಪಡೆಯುವುದು ಕಷ್ಟ. ಮಾರಾಟದ ಹೊತ್ತಿನಲ್ಲಿ ಕಳವಿನ ವಾಹನವೆಂಬ ಸಂಶಯಕ್ಕೂ ಗುರಿಯಾಗಬೇಕಾಗುತ್ತದೆ.

ಜಾನುವಾರು ಸಾಗಿಸುವವರು 125ಇ ನಿಯಮವನ್ನು ಗಮನಿಸಬೇಕು. ಪ್ರತಿಯೊಂದು ಪ್ರಾಣಿಗೂ ಪ್ರತ್ಯೇಕವಾದ ಶಾಶ್ವತ ವಿಭಾಗವಿರಬೇಕು. ಹಸು ಮತ್ತು ಎಮ್ಮೆಗೆ ಕನಿಷ್ಠ 2 ಚದರ ಮೀಟರ್, ಕುರಿ ಮತ್ತು ಮೇಕೆಗೆ 0.3 ಚದರ ಮೀಟರ್ ಜಾಗ ನಿಗದಿಯಾಗಿದೆ. ಎರಡೂವರೆ ಮೀಟರ್ ಉದ್ದ, 1.7 ಮೀಟರ್ ಅಗಲದ ಬಾಡಿಯಲ್ಲಿ ಎರಡಕ್ಕಿಂತ ಹೆಚ್ಚು ಹಸುಗಳಿಗೆ ಸ್ಥಳವಿಲ್ಲ ಎಂದಾಯಿತು. ಹೀಗೆ ಮಾರ್ಪಡಿಸಿದ ವಾಹನದಲ್ಲಿ ಇತರ ಸರಕನ್ನು ಸಾಗಿಸುವಂತಿಲ್ಲ.

ಸರಕಿನ ಬಾಡಿಯಲ್ಲಿ ಜನ

ಬಾಡಿಗೆ ಹಲಗೆ ಕೂರಿಸಿ, ಹಿಡಿಕಂಬಿ ಬೆಸೆದು, ಮೇಲೆ ಹೊದಿಕೆ ಹಾಕಿ ಕೃಷಿ ಕೂಲಿಕಾರರನ್ನು, ಮದುವೆ ದಿಬ್ಬಣದವರನ್ನು, ಸಂತೆಗೆ ಹೋಗುವವರನ್ನು ಕರೆದೊಯ್ಯುವ ಪದ್ಧತಿ ನಿಂತಿಲ್ಲ. ಬೆಳಗಿನ ಹೊತ್ತು ಹೊಲದ ಕಡೆ ಬಸ್ಸು ಇಲ್ಲ ಎಂಬುದು ಹಲವೆಡೆ ನಿಜವೇ ಇರಬಹುದು. ಆದರೂ ಆಸನ, ಸೀಟ್ ಬೆಲ್ಟ್, ಮೇಲ್ಛಾವಣಿಯ ಬಲ ಯಾವುದೂ ಇಲ್ಲದ ಬಾಡಿಯಲ್ಲಿ ಕುಳಿತವರಿಗೆ ವಾಹನ ಮಗುಚಿದಾಗ ಯಾವ ರಕ್ಷಣೆಯೂ ಇರುವುದಿಲ್ಲ. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾದ ಸಂತೆಗೆ ಹಣ್ಣು, ತರಕಾರಿಯೊಂದಿಗೆ ವ್ಯಾಪಾರಿಗಳನ್ನೂ ಹೊತ್ತು ಸಾಗುತ್ತಿದ್ದ ಲಾರಿಯು ಯಲ್ಲಾಪುರ ತಾಲ್ಲೂಕಿನಲ್ಲಿ ಕಂದಕಕ್ಕೆ ಉರುಳಿ ಕನಿಷ್ಠ 10 ಮಂದಿ ಮೃತಪಟ್ಟರು.

ವಿಮೆಯ ಸ್ಥಿತಿಯನ್ನೂ ಮಾಲೀಕರು ಸ್ಪಷ್ಟವಾಗಿ ತಿಳಿದಿರಬೇಕು. 1994ರ ತಿದ್ದುಪಡಿಯ ನಂತರ 147ನೇ ಕಲಮಿನ ರಕ್ಷಣೆಯು ಸರಕು ವಾಹನದಲ್ಲಿ ಪ್ರಯಾಣಿಸುವ ಸರಕಿನ ಮಾಲೀಕರಿಗೆ ಅಥವಾ ಅವರ ಅಧಿಕೃತ ಪ್ರತಿನಿಧಿಗೆ ದೊರೆಯುತ್ತದೆ. ಪುಕ್ಕಟೆಯಾಗಿ ಹತ್ತಿಸಿಕೊಂಡ ಪ್ರಯಾಣಿಕರಿಗೆ ಪರಿಹಾರ ನೀಡುವ ಹೊಣೆ ವಿಮಾ ಕಂಪನಿಯ ಮೇಲಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಆಶಾ ರಾಣಿ ಪ್ರಕರಣದಲ್ಲಿ 2002ರ ಡಿಸೆಂಬರಿನಲ್ಲಿ ತೀರ್ಮಾನಿಸಿದೆ. ಅಂತಹ ಸಂದರ್ಭದಲ್ಲಿ ಪರಿಹಾರದ ಹೊರೆ ವಾಹನದ ಮಾಲೀಕರ ಮೇಲೆ ಬೀಳುತ್ತದೆ. ಒಂದು ಪಿಕಪ್ ವಾಹನದ ದುಡಿಮೆಯನ್ನೇ ನಂಬಿದ ಕುಟುಂಬಕ್ಕೆ ಮನೆ, ಜಮೀನು ಮಾರಿದರೂ ತೀರದ ಹೊರೆ ಅದು. ಅನುಮತಿಯಿಲ್ಲದ ಮಾರ್ಪಾಡನ್ನು ವಿಮಾ ಕಂಪನಿಗೆ ತಿಳಿಸದಿದ್ದಲ್ಲಿ ಸ್ವಂತ ವಾಹನದ ಹಾನಿಯ ಕ್ಲೇಮು ಸಹ ವಿವಾದಕ್ಕೀಡಾಗಬಹುದು.

ಇಂಧನ ಬದಲಾವಣೆ

ಪೆಟ್ರೋಲ್ ವಾಹನಕ್ಕೆ ಸಿಎನ್‌ಜಿ ಅಥವಾ ಎಲ್‌ಪಿಜಿ ಕಿಟ್ ಅಳವಡಿಸಲು 52ನೇ ಕಲಮಿನಲ್ಲಿಯೇ ಅವಕಾಶವಿದೆ. ಬಿಎಸ್-6 ಪೆಟ್ರೋಲ್ ವಾಹನಗಳಿಗೆ ಕಿಟ್ ಅಳವಡಿಸಲು ಹಾಗೂ 3.5 ಟನ್ನಿಗಿಂತ ಕಡಿಮೆ ತೂಕದ ಬಿಎಸ್-6 ವಾಹನಗಳ ಡೀಸೆಲ್ ಎಂಜಿನ್ ಬದಲಿಗೆ ಸಿಎನ್‌ಜಿ ಅಥವಾ ಎಲ್‌ಪಿಜಿ ಎಂಜಿನ್ ಕೂರಿಸಲು ಕೇಂದ್ರ ಸರ್ಕಾರವು 2022ರ ಆಗಸ್ಟ್‌ನಲ್ಲಿ ನಿಯಮ ತಿದ್ದುಪಡಿ ಮಾಡಿತು. ಕಿಟ್ ಆಯಾ ಮಾದರಿಗೆ ಅನುಮೋದಿತವಾಗಿರಬೇಕು; ಅಧಿಕೃತ ಕೇಂದ್ರದಲ್ಲಿಯೇ ಅಳವಡಿಸಿರಬೇಕು; ನೋಂದಣಿ ಪತ್ರದಲ್ಲಿ ಇಂಧನದ ವಿವರ ನಮೂದಾಗಬೇಕು. ಅಡುಗೆ ಅನಿಲದ ಸಿಲಿಂಡರನ್ನು ವಾಹನಕ್ಕೆ ಜೋಡಿಸುವುದು ಯಾವ ಸಂದರ್ಭದಲ್ಲಿಯೂ ಸಮ್ಮತವಲ್ಲ. ಸಿಎನ್‌ಜಿ ಸಿಲಿಂಡರನ್ನು ಮೂರು ವರ್ಷಗಳಿಗೊಮ್ಮೆ ಒತ್ತಡ ಪರೀಕ್ಷೆಗೆ ಒಳಪಡಿಸಬೇಕು. ಸಿಲಿಂಡರಿನ ತೂಕವು ಭಾರರಹಿತ ತೂಕಕ್ಕೆ ಸೇರುವುದರಿಂದ ಸರಕಿನ ಪಾಲು ಅಷ್ಟು ಕಡಿಮೆಯಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಅರ್ಜಿ ಸಲ್ಲಿಸುವ ಬಗೆ

ಎಂಜಿನ್ ಬದಲಾವಣೆ, ಇಂಧನ ಬದಲಾವಣೆ ಅಥವಾ ಅನುಮತಿಗೆ ಅರ್ಹವಾದ ಇತರ ಮಾರ್ಪಾಡಿಗೆ ಕೆಲಸ ಆರಂಭಿಸುವ ಮುನ್ನವೇ ಸಂಬಂಧಪಟ್ಟ ಪ್ರಾದೇಶಿಕ ಸಾರಿಗೆ ಕಚೇರಿಗೆ ನಿಗದಿತ ನಮೂನೆಯಲ್ಲಿ, ನಿಗದಿತ ಶುಲ್ಕದೊಂದಿಗೆ ಅರ್ಜಿ ಸಲ್ಲಿಸತಕ್ಕದ್ದು. ನೋಂದಣಿ ಪತ್ರ, ಚಾಲ್ತಿಯಲ್ಲಿರುವ ವಿಮೆ, ಅರ್ಹತಾ ಪತ್ರ, ವಾಯುಮಾಲಿನ್ಯ ಪ್ರಮಾಣಪತ್ರ ಹಾಗೂ ಖರೀದಿಯ ಬಿಲ್ಲುಗಳನ್ನು ಜೊತೆಗಿರಿಸಿಕೊಳ್ಳಬೇಕು. ವಾಹನದ ಮೇಲೆ ಸಾಲವಿದ್ದಲ್ಲಿ ಸಾಲ ನೀಡಿದ ಸಂಸ್ಥೆಯ ಲಿಖಿತ ಒಪ್ಪಿಗೆಯನ್ನು ಪಡೆಯಬೇಕು. ಕೆಟ್ಟ ಎಂಜಿನ್ನಿಗೆ ಬದಲಾಗಿ ಅದೇ ತಯಾರಿಕೆಯ, ಅದೇ ಮಾದರಿಯ ಎಂಜಿನ್ ಕೂರಿಸುವವರು ಅದರ ಮೂಲವನ್ನು ತೋರಿಸುವ ಬಿಲ್ಲನ್ನು ಕಳೆದುಕೊಳ್ಳಬಾರದು. ಬಿಲ್ಲಿಲ್ಲದ ಹಳೆಯ ಎಂಜಿನ್ ಅಗ್ಗಕ್ಕೆ ದೊರೆತರೂ ನೋಂದಣಿ ಪತ್ರಕ್ಕೆ ಸೇರುವುದು ಕಷ್ಟ. ಪೂರ್ವಾನುಮೋದನೆಯಿಲ್ಲದೆ ಎಂಜಿನ್ ಬದಲಾವಣೆಯಾಗಿದ್ದಲ್ಲಿ 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡತಕ್ಕದ್ದು. ಕೆಲಸ ಮುಗಿದ ನಂತರ ಮೋಟಾರು ವಾಹನ ನಿರೀಕ್ಷಕರ ಪರಿಶೀಲನೆಗೆ ವಾಹನವನ್ನು ಹಾಜರುಪಡಿಸಬೇಕು.

ಅರ್ಹತಾ ಪತ್ರವನ್ನು ಎಂಟು ವರ್ಷದವರೆಗಿನ ಸಾರಿಗೆ ವಾಹನಗಳಿಗೆ ಎರಡು ವರ್ಷಗಳಿಗೊಮ್ಮೆ, ಅನಂತರ ಪ್ರತಿ ವರ್ಷ ನವೀಕರಿಸಬೇಕು. ತಪಾಸಣೆಯ ಹಿಂದಿನ ದಿನ ಗಾರ್ಡ್ ಮತ್ತು ಫೋಕಸ್ ಲೈಟುಗಳನ್ನು ಬಿಚ್ಚಿ, ಮರುದಿನ ಮತ್ತೆ ಜೋಡಿಸುವವರಿದ್ದಾರೆ. ಅರ್ಹತಾ ಪತ್ರವಿದ್ದರೂ ರಸ್ತೆಯಲ್ಲಿ ತಪಾಸಣೆಯಾದಾಗ ಅಂತಹ ವಾಹನವು ಕ್ರಮದಿಂದ ತಪ್ಪಿಸಿಕೊಳ್ಳುವುದಿಲ್ಲ. ಸಾರ್ವಜನಿಕರಿಗೆ ಅಪಾಯಕಾರಿ ಸ್ಥಿತಿಯಲ್ಲಿರುವ ವಾಹನದ ನೋಂದಣಿಯನ್ನು 53ನೇ ಕಲಮಿನಡಿ ಅಮಾನತಿನಲ್ಲಿಡಬಹುದು.

ಮಾರ್ಪಾಡಿನ ಅರ್ಜಿ ತಿರಸ್ಕೃತವಾದಲ್ಲಿ, ಅರ್ಹತಾ ಪತ್ರ ನಿರಾಕರಿಸಲ್ಪಟ್ಟಲ್ಲಿ ಅಥವಾ ನೋಂದಣಿ ಅಮಾನತುಗೊಂಡಲ್ಲಿ, ಆದೇಶದ ತಿಳಿವಳಿಕೆ ತಲುಪಿದ 30 ದಿನಗಳೊಳಗೆ 57ನೇ ಕಲಮಿನಡಿ ಮೇಲ್ಮನವಿ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು. ಆದೇಶದ ಪ್ರತಿಯನ್ನು ಮೇಲ್ಮನವಿಗೆ ಲಗತ್ತಿಸಬೇಕು.